ಕೊರಳ ನರಹುಲಿ ಸುಡಿಸಿಕೊಂಡ ಮೇಲೆ

ನನ್ನ ಕೊರಳಲ್ಲಿದ್ದ ನರಹುಲಿಗೆ ಮನೆಯಲ್ಲಿ ನನಗಿಂತ ಹೆಚ್ಚು ಬೆಲೆಯಿತ್ತು. ಕಡಲೆಕಾಳಿನಷ್ಟು ದಪ್ಪ, ಮುಟ್ಟಿದರೆ ಮೆತ್ತಗೆ. ಇನ್ನೂ ಮಾತು ಬಾರದ ಮೊಮ್ಮಗಳು ಸುಮಿ ಅದನ್ನು ಎರಡು ಬೆರಳಲ್ಲಿ ಹೊರಳಿಸುತ್ತಲೇ ಮಧ್ಯಾಹ್ನ ನಿದ್ದೆ ಹೋಗುತ್ತಿದ್ದಳು. ಆ ನಿದ್ದೆಯನ್ನು ನಂಬಿಯೇ ಸೊಸೆ ಶಾಂತಾ ಕಮಲಾಪುರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು.

ದೇವರು ಮನುಷ್ಯನನ್ನು ಮಾಡಿ ಮುಗಿಸಿ, ಕೈಗಂಟಿದ ಮಣ್ಣನ್ನು ಎಲ್ಲೆಂದರಲ್ಲಿ ಒರೆಸಿರಬೇಕು. ನನಗೆ ಕೊರಳಿಗೆ ಒರೆಸಿದ್ದ. ಇರಲಿ ಎಂದರೆ, ಗುಂಡಿನ ಸರಕ್ಕೆ ಸಿಕ್ಕು ರಕ್ತ ಬರತೊಡಗಿತು. ಕುದುರೆ ಬಾಲದ ಕೂದಲು ಬಿಗಿದರೆ ಉದುರುತ್ತದೆಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಟಾಂಗಾದವನನ್ನು ಕೇಳಿ ತಂದು ಕಟ್ಟಿದೆ. ಕುದುರೆಗೆ ಒಂದು ಕೂದಲು ಕಡಿಮೆಯಾಯಿತು, ನನಗೆ ಏನೂ ಕಡಿಮೆಯಾಗಲಿಲ್ಲ.

ಮಗ ಕಲಬುರಗಿಯ ಚರ್ಮದ ಡಾಕ್ಟರಮ್ಮನ ಬಳಿ ಕರೆದೊಯ್ದ.

"ಇದೇನ್ ಕೆಟ್ಟ ಗಂಟಲ್ಲ ಬಿಡ್ರೀ ಅವ್ವಾರ. ಲೇಸರ್ ಅಂತ ಬೆಳಕದ, ಅದರ್ಲೆ ಸುಟ್ಟು ತೆಗೀತೀನಿ."

"ಬೆಳಕಿಗೇ ಸುಡೂದಿದ್ರ ನಮ್ಮ ಬ್ಯಾಸಗಿ ಬಿಸಿಲಿಗಿ ಏನ್ ಧಾಡಿ ಆಗಿತ್ತವ್ವಾ?" ಎಂದೆ.

ಆಕೆ ನಕ್ಕು, ಸೂಜಿ ಚುಚ್ಚಿ ಮರಗಟ್ಟಿಸಿದಳು. ಕೂದಲು ಸುಟ್ಟಂಥ ವಾಸನೆ ಬಂತು, ಮುಗಿಯಿತು. ತಿರುಗಿ ಬರಲು ಬಸ್ಸಿಗೆ ಕಾದದ್ದೇ ಹೆಚ್ಚಿನ ತ್ರಾಸು.

ಮರುದಿನ ಸುಮಿ ನನ್ನ ಕೊರಳೆಲ್ಲ ತಡಕಿದಳು. ಸಿಗದಿದ್ದಾಗ ಓಣಿಯೇ ಎದ್ದು ಬರುವಂತೆ ಚೀರಿದಳು. ಮಧ್ಯಾಹ್ನದ ನಿದ್ದೆ ಹೋಯಿತು. ಶಾಂತಾ ರಜೆಯ ಮೇಲೆ ರಜೆ ಹಾಕಿದಳು. ಇನ್ನೂ ತಪ್ಪಿಸಿದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಶಾಲೆಯವರು ಹೇಳಿ ಕಳಿಸಿದರು.

"ಅತ್ತಿ, ಹಿಂಗಾದ್ರ ನನ್ನ ನೌಕರಿ ಹೋದಂಗೇ."

ನಾನು ಗಾಯವಿಲ್ಲದ ಬದಿಗೆ ಗೋಧಿ ಕಣಕದ ಸಣ್ಣ ಉಂಡೆ ಅಂಟಿಸಿಕೊಂಡು ಮಲಗಿದೆ. ಸುಮಿ ಹೊರಳಿಸಿದಳು, ಕಿತ್ತಳು, ಬಾಯಿಗೆ ಹಾಕಿಕೊಂಡಳು, ಇನ್ನೊಂದು ಬೇಕೆಂದು ಅತ್ತಳು.

ಅಳು ಕೇಳಲಾರದೆ ಪಕ್ಕದ ಮನೆಯ ಮಸ್ತಾನಬಿ ಬಂದಳು. "ಮುದುಕಿಗಿ ಈಗ ಚೆಂದ ಕಾಣೂ ಶೋಕಿ ಬಂದದ. ತಾ ಇಲ್ಲಿ ಕೂಸಿನ್ನ," ಎಂದು ಎತ್ತಿಕೊಂಡಳು. ಅವಳ ತೋಳಲ್ಲೊಂದು ಉಬ್ಬಿದ ಮಚ್ಚೆ. ಸುಮಿಯ ಬೆರಳಿಗೆ ಅದು ಸಿಕ್ಕಿತು. ಬಿಕ್ಕುತ್ತ ಬಿಕ್ಕುತ್ತ ನಿದ್ದೆ ಹೋದಳು.

"ಮಸ್ತಾನಬಿ, ಇದನ್ನ ಮಾತ್ರ ಸುಡಿಸ್ಕೋಬ್ಯಾಡವಾ. ನಮ್ಮ ಸೊಸಿ ನೌಕರಿ ಇದರಾಗೇ ಅದ," ಎಂದೆ.

ಶಾಂತಾ ಮಾರನೆಯ ದಿನವೇ ಶಾಲೆಗೆ ಹೋದಳು. ನಾನು ದಿನವೂ ಮಧ್ಯಾಹ್ನ ಕೂಸನ್ನು ಪಕ್ಕದ ಮನೆಗೆ ಮುಟ್ಟಿಸಿ, ಕಾಲು ಚಾಚಿ ಮಲಗುತ್ತೇನೆ. ನನ್ನನ್ನು ಬಿಟ್ಟರೆ ಅದು ಯಾರ ಹತ್ತಿರವೂ ನಿದ್ದೆ ಮಾಡುವುದಿಲ್ಲ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದವಳು ನಾನು. ಈಗ ಮಸ್ತಾನಬಿ ಹಾಗೆ ಹೇಳಿಕೊಂಡು ತಿರುಗುತ್ತಾಳೆ. ನಾನು ತಿದ್ದಲು ಹೋಗಿಲ್ಲ.