ಪರದೆಯ ಮೇಲಿನ ಜರ್ಮನ್ ಊರು

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಹಲ್ಲಿನ ಡಾಕ್ಟರರ ಬಳಿ ಸರದಿಗೆ ಕಾಯುವವನಿಗೆ ಇರುವುದು ಎರಡೇ ಕೆಲಸ. ಒಳಗಿನ ಯಂತ್ರದ ಸದ್ದು ಕೇಳಿಸುತ್ತಿಲ್ಲವೆಂದು ನಟಿಸುವುದು ಒಂದು, ಗೋಡೆಯ ಮೇಲಿನ ಟೀವಿ ನೋಡುವುದು ಇನ್ನೊಂದು. ಹೋದ ವಾರ ನಾನು ಎರಡನ್ನೂ ಮಾಡುತ್ತ ಕೂತಿದ್ದೆ. ದನಿ ಅಡಗಿಸಿದ ಟೀವಿಯಲ್ಲಿ ಒಂದು ಸಣ್ಣ ಹಳೆಯ ಊರು ಬಂತು. ಸುತ್ತ ಕೋಟೆಗೋಡೆ, ಕೆಂಪು ಹೆಂಚಿನ ಚೂಪು ಮಾಡುಗಳು, ಗೋಡೆಯ ಹೊರಗೇ ಅಡ್ಡಡ್ಡ ಕಾಣುವ ಮರದ ತೊಲೆಗಳು, ಬೀದಿಯ ಕೊನೆಗೆ ಗೋಪುರ ಹೊತ್ತ ಊರಬಾಗಿಲು. ಊದಿದ ದವಡೆ ಹಿಡಿದುಕೊಂಡೇ ಎದ್ದು ನಿಂತೆ.

“ಇದು ನಮ್ಮ ಸುರಪುರದ್ದು,” ಎಂದೆ.

ಪಕ್ಕದವರು ನನ್ನ ದವಡೆಯನ್ನು ನೋಡಿದರು. “ಕೂಡ್ರಿ ಸರ. ನೋವಿನಾಗ ಹಂಗ ಅನಸತದ.”

ಟೀವಿಯ ಅಡಿಯ ಅಕ್ಷರಗಳು ಅದು ಜರ್ಮನಿಯ ರೋಥೆನ್‌ಬುರ್ಗ್ ಎಂದವು. ಇರಲಿ. ನನ್ನ ಮಟ್ಟಿಗೆ ಆ ಊರು ಇದ್ದದ್ದು ಸುರಪುರದ ಬಜಾರಿನ ಒಂದು ಫೋಟೋ ಸ್ಟುಡಿಯೋದಲ್ಲಿ, ಗೋಡೆಯಿಂದ ಗೋಡೆಗೆ ಇಳಿಬಿಟ್ಟ ಪರದೆಯ ಮೇಲೆ. ಯಾರೋ ಹೈದರಾಬಾದಿನಿಂದ ಒಂದು ಕ್ಯಾಲೆಂಡರ್ ತಂದಿದ್ದರಂತೆ, ತಿಂಗಳಿಗೊಂದು ಚಿತ್ರ, ಎಲ್ಲವೂ ಅದೇ ಊರಿನವು. ಪರದೆ ಬರೆದವರು ದೇವರ ಚಿತ್ರಗಳಿಗೆ ಬಂಗಾರದ ರೇಕು ಹಚ್ಚುವ ಮನೆತನದವರು. ಯಾವ ತಿಂಗಳನ್ನೂ ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಹಾಗಾಗಿ ಪರದೆಯಲ್ಲಿ ಒಂದು ಮಾಡಿನ ಮೇಲೆ ಹಿಮ ಬಿದ್ದಿದ್ದರೆ, ಅದಕ್ಕೆ ಹತ್ತಿಕೊಂಡೇ ಇರುವ ಮನೆಯ ಕಿಟಕಿಯಲ್ಲಿ ಹೂವು ಅರಳಿತ್ತು. ಚೌಕದ ಕಾರಂಜಿ ಊರಬಾಗಿಲಿನ ಬುಡಕ್ಕೆ ಬಂದು ಕೂತಿತ್ತು. ಎಲ್ಲಿಯದೋ ಗಡಿಯಾರ ಗೋಪುರದ ಮೇಲೇರಿ ಸದಾ ಮೂರೂವರೆ ತೋರಿಸುತ್ತಿತ್ತು. ಮೋಡದ ಅಂಚಿಗೆ ತೆಳುವಾಗಿ ಬಂಗಾರ. ಸುರಪುರದ ಎಷ್ಟೋ ಕೂಸುಗಳು, ಮದುಮಕ್ಕಳು, ನಿವೃತ್ತ ಮಾಸ್ತರರು ಜರ್ಮನಿಯಲ್ಲಿ ಮಧ್ಯಾಹ್ನ ಮೂರೂವರೆಗೆ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ.

ನಾನು ಓದಿದ್ದು ಇತಿಹಾಸ, ಕಾಲೇಜಿನಲ್ಲಿ ಕಲಿಸಿದ್ದೂ ಅದನ್ನೇ. ಪ್ರತಿಯೊಂದು ‘ಅಂತೆ’ಯ ಬೆನ್ನು ಹತ್ತಿ, ಹೇಳಿದವರು ಯಾರು, ಅವರು ಅಲ್ಲಿದ್ದರೇ ಎಂದು ಕೇಳುವುದು ನನ್ನ ಕಸುಬು, ನನ್ನ ಹೆಂಡತಿಯ ಪ್ರಕಾರ ಕಾಯಿಲೆ. ಆದರೆ ಆ ಪರದೆಯ ಬಗ್ಗೆ ನಾನು ಹೇಳುವ ಕತೆಗೆ ಇಂಥ ಸಾಕ್ಷಿ ಬೇಕಿರಲಿಲ್ಲ. ನಾನೇ ಅಲ್ಲಿದ್ದೆನಲ್ಲ. ಶಹಾಪುರದಲ್ಲಿ ನಮ್ಮ ಬಳಗದ ಯಾವ ಮದುವೆಯಾದರೂ ಊಟದ ನಂತರ ಯಾರಾದರೊಬ್ಬರು ನನ್ನ ಬಾಯಿಂದ ಅದನ್ನು ಹೇಳಿಸುತ್ತಾರೆ. ನಿಮಗೂ ಹೇಳಿಬಿಡುತ್ತೇನೆ.

ಕಸ್ತೂರಿ ನನ್ನ ತಾಯಿಯ ಕೊನೆಯ ತಂಗಿ, ನನ್ನ ಚಿಗವ್ವ. ಗುರುಮಠಕಲ್‌ನ ಗುಮಾಸ್ತನೊಬ್ಬನ ಸಂಬಂಧ ಬಂದಿತ್ತು. ಯಾರದೋ ಮದುವೆಯಲ್ಲಿ ಅವನು ಇವಳನ್ನು ನೋಡಿದ್ದ, ಇವಳೂ ಅವನನ್ನು ನೋಡಿದ್ದಳು. ಇದು ಮುರಿದರೆ ಮುಂದೆ ಯಾರಿಗೂ ಫೋಟೋ ಕೊಡುವುದಿಲ್ಲ ಎಂದು ನಮ್ಮವ್ವನ ಮುಂದೆ ಹೇಳಿಯೂ ಬಿಟ್ಟಿದ್ದಳು. ವಾಡಿಕೆಯಂತೆ ಮೊದಲು ಆ ಪರದೆಯ ಮುಂದೆ ತೆಗೆಸಿದ ಫೋಟೋ ಹೋಯಿತು, ಆಮೇಲೆ ಹುಡುಗನೊಂದಿಗೆ ಗಂಡಿನ ಕಡೆಯವರು ಬಂದರು. ಮಾತಾಡುವ ಅಧಿಕಾರ ಹುಡುಗನ ದೊಡ್ಡಪ್ಪನದು. ಅವರು ಅವಲಕ್ಕಿ ಮುಗಿಸಿ, ಕೈ ಒರೆಸಿಕೊಂಡು, ಅಂಗಿಯ ಕಿಸೆಯಿಂದ ಆ ಫೋಟೋ ತೆಗೆದರು.

“ಇದು ಯಾವ ವಾರ ತೆಗಸೀರಿ?”

“ಮಂಗಳವಾರ್ರಿ,” ಎಂದರು ಮುತ್ಯಾ. ನನ್ನ ತಾಯಿಯ ತಂದೆ ಪ್ರೈಮರಿ ಮಾಸ್ತರರು, ಕೇಳಿದ್ದಕ್ಕೆ ನಿಜ ಹೇಳಿಬಿಡುವ ಚಟ.

“ಗಡಿಯಾರ ನೋಡ್ರಿ. ಮೂರೂವರಿ. ಮಂಗಳವಾರ ಆ ಹೊತ್ತಿಗೆ ರಾಹುಕಾಲ. ರಾಹುಕಾಲದಾಗ ತೆಗಸಿದ ಫೋಟೋ ನೋಡಿ ಹೆಣ್ಣು ತರೂದು ಹೆಂಗ್ರಿ?”

ಆಗ ನಾನು, ಎಂ.ಎ. ಓದುತ್ತಿದ್ದ ವಿಚಾರವಾದಿ, ತಡೆಯಲಾರದೆ ಅಂದೆ: “ಅದು ಬರದ ಗಡಿಯಾರ ಅಲ್ಲೇನ್ರಿ. ಪರದೆ ಅರಿವಿ ಮ್ಯಾಲ ಬರದದ್ದು. ಅದೆಲ್ಲಿ ನಡೀತದ?”

ದೊಡ್ಡಪ್ಪ ನಮ್ಮ ದೇವರ ಜಗಲಿಯ ಕಡೆ ಕೈ ತೋರಿಸಿದರು. “ಅಲ್ಲಿ ಕಟ್ಟು ಹಾಕ್ಸಿದ ದೇವ್ರ ಪಟಾನೂ ಬರದದ್ದ ಅದ. ಹಂಗಂತ ಕೈ ಮುಗಿಯೂದು ಬಿಟ್ಟೀರೇನು?”

ಮುತ್ಯಾ ಕನ್ನಡಕ ತೆಗೆದು ಒರೆಸತೊಡಗಿದರು. ಗಂಡಿನ ಕಡೆಯ ಒಬ್ಬರು ಚಪ್ಪಲಿಗಾಗಿ ಕಣ್ಣಾಡಿಸಿದರು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಚಿಗವ್ವನ ದನಿ ಬಂತು. ಅವಳು ಮಾತಾಡುವಂತಿರಲಿಲ್ಲ.

“ಆ ಗಡಿಯಾರ ಜರ್ಮನಿದು ಅದ್ರಿ. ಅಲ್ಲಿ ಮೂರೂವರಿ ಆದಾಗ ನಮ್ಮಲ್ಲಿ ದೀಪ ಹಚ್ಚಿರತಾರ. ರಾಹುಕಾಲ ಅಷ್ಟೊತ್ತಿಗೆ ಮುಗದಿರತದ. ಗಡಿಯಾರ ನಂಬೂದಾದ್ರ ಅದರ ಊರನ್ನೂ ನಂಬಬೇಕಲ್ರಿ.”

ದೊಡ್ಡಪ್ಪ ಫೋಟೋವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. “ಮಾಸ್ತರ್ರ, ಜರ್ಮನಿ ಹೊತ್ತು ನಮಗಿಂತ ಹಿಂದ ಅದ ಏನು?”

“ಹಿಂದ ಅದ್ರಿ,” ಎಂದರು ಮುತ್ಯಾ.

“ಹಂಗಾದ್ರ ಸಕ್ಕರಿ ತರ್ರಿ.”

ಕತೆ ಇಷ್ಟೇ. ನಗು ಬರುವ ಜಾಗ ಎಲ್ಲೆಲ್ಲಿ ಎಂಬುದು ನನಗೆ ಬಾಯಿಪಾಠ. ಆದರೆ ಹಲ್ಲಿನ ಡಾಕ್ಟರರ ಟೀವಿಯಲ್ಲಿ ಊರಬಾಗಿಲು ಒಂದು ಕಡೆ, ಗಡಿಯಾರ ಇನ್ನೊಂದು ಕಡೆ, ಚೌಕದ ಬೇರೊಂದು ಕಟ್ಟಡದ ನೆತ್ತಿಯ ಮೇಲೆ ಇತ್ತು. ದೊಡ್ಡ ಮುಳ್ಳು ಹನ್ನೆರಡಕ್ಕೆ ಬಂದಾಗ ಅದರ ಪಕ್ಕದ ಕಿಟಕಿ ತೆರೆದು ಗೊಂಬೆಯೊಂದು ಗಟಗಟ ಕುಡಿಯುತ್ತಿತ್ತು. ಗಡಿಯಾರವನ್ನು ಗೋಪುರಕ್ಕೆ ಏರಿಸಿದ್ದು ಚಿತ್ರಗಾರರೋ ನನ್ನ ತಲೆಯೋ? ಹಲ್ಲು ಕೀಳಿಸಿಕೊಂಡೆ, ಸಂಶಯ ಮಾತ್ರ ಒಳಗೇ ಉಳಿಯಿತು. ಬಾವು ಇಳಿದ ಮೇಲೆ ಗುರುಮಠಕಲ್ ಬಸ್ಸು ಹತ್ತಿದೆ.

ಚಿಗವ್ವನ ಮನೆಯ ಪಡಸಾಲೆಯಲ್ಲಿ ಆ ಫೋಟೋ ಇವತ್ತಿಗೂ ಇದೆ. ಬಸ್ಸಿನ ಧೂಳು ಕೂಡ ಒರೆಸಿಕೊಳ್ಳದೆ ನೋಡಿದೆ. ಗೋಪುರದ ಮೇಲೆ ಗಡಿಯಾರ, ಮೂರೂವರೆ. ನೆಮ್ಮದಿಯಾಯಿತು. ಕಾಕಾ ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಆ ಗುಮಾಸ್ತ ಹುಡುಗ ಇವರೇ, ಈಗ ಪೆನ್ಷನ್ ಬರುತ್ತದೆ.

“ನೋಡು ಚಿಗವ್ವ,” ಎಂದೆ, “ನಾ ಅವತ್ತ ಬರದ ಗಡಿಯಾರ ಅಂದಾಗ ನಿಮ್ಮ ದೊಡ್ಡ ಮಾವ...”

“ನೀ ಅಂದಿ?” ಚಿಗವ್ವ ಚಹದ ಕಪ್ಪು ಕೆಳಗಿಟ್ಟಳು. “ನೀ ಎಲ್ಲಿದ್ದಿ ಅಲ್ಲಿ? ಕಲಬುರಗ್ಯಾಗ ಪರೀಕ್ಷಾ ಬರಿಯಾಕತ್ತಿದ್ದಿ. ಸಕ್ಕರಿ ತಿನ್ನಾಕೂ ಬರಲಿಲ್ಲ.”

ನಾನು ನಕ್ಕೆ. ಅವಳು ನಗಲಿಲ್ಲ. ನನಗೆ ಆ ಅವಲಕ್ಕಿಯ ಒಗ್ಗರಣೆಯ ವಾಸನೆ ನೆನಪಿತ್ತು, ಮುತ್ಯಾನ ಕನ್ನಡಕದ ದಾರ ನೆನಪಿತ್ತು. ಪರೀಕ್ಷೆಯನ್ನೂ ನೆನೆದು ನೋಡಿದೆ. ಅದೂ ನೆನಪಿಗೆ ಬಂತು, ಅದೇ ತಿಂಗಳು. ಮುತ್ಯಾ ಈ ಕತೆಯನ್ನು ಎಷ್ಟು ಸಲ ಹೇಳಿದ್ದರೆಂದರೆ, ಯಾವಾಗಲೋ ನಾನು ಅದರೊಳಗೆ ಹೋಗಿ ಕೂತುಬಿಟ್ಟಿದ್ದೆ.

“ಹಂಗಾದ್ರ ಬರದ ಗಡಿಯಾರ ಅಂದವರು ಯಾರು?”

ಚಿಗವ್ವ ಗದ್ದದಿಂದ ಮೂಲೆಯ ಕಡೆ ತೋರಿಸಿದಳು.

ಹೆಣ್ಣು ನೋಡಲು ಬಂದ ಹುಡುಗ ದೊಡ್ಡಪ್ಪನ ಮಾತಿಗೆ ಎದುರಾಡುವುದು ಆ ಕಾಲದಲ್ಲಿ ಎಂಥ ಸಂಗತಿ ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ಕಾಕಾ ಸಂತೆಯಲ್ಲಿ ಬದನೆಕಾಯಿ ಕೊಳೆತಿದೆ ಎನ್ನಲೂ ಹಿಂಜರಿಯುವ ಮನುಷ್ಯ. ಶಹಾಪುರದ ಎಲ್ಲ ಮದುವೆಗಳಲ್ಲೂ ಅವರು ಎದುರಿನ ಸಾಲಿನಲ್ಲಿ ಕೂತು, ನನ್ನ ಕತೆಗೆ ಎಲ್ಲರ ಜತೆ ನಕ್ಕಿದ್ದಾರೆ.

“ಒಮ್ಮೆರೆ ಹೇಳಬಾರದಾಗಿತ್ತೇನ್ ಕಾಕಾ?”

“ನೀ ಚಲೋ ಹೇಳತಿದ್ದಿ ಮಾಸ್ತರ. ನಾ ಹೇಳಿದ್ರ ಅಷ್ಟು ನಗತಿದ್ದಿಲ್ಲ.”

“ಇವ್ರು ಬಾಯಿ ತಗದ್ರಂತ ನಾನೂ ತಗದೆ,” ಎಂದಳು ಚಿಗವ್ವ. “ಇಲ್ಲಂದ್ರ ಒಳಗ ಅಳಕೋತ ನಿಂದರತಿದ್ದೆ.”

ನಾನು ಮಾತು ತಿರುಗಿಸಲು ಫೋನಿನಲ್ಲಿ ರೋಥೆನ್‌ಬುರ್ಗ್ ತೆಗೆದು ಕಾಕಾಗೆ ಕೊಟ್ಟೆ. ಕೋಟೆಗೋಡೆ, ಗೋಪುರ, ಕಾರಂಜಿ ಎಲ್ಲವನ್ನೂ ಅವರು ಬೆರಳಿನಿಂದ ಸರಿಸುತ್ತ ನೋಡಿದರು. “ಚಂದ ಅದ. ಯಾವೂರು ಇದು?”

“ನಿಮ್ಮ ಗೋಡಿ ಮ್ಯಾಲೆ ಅದಲ್ರಿ ಕಾಕಾ, ಅದ ಊರು.”

ಕಾಕಾ ಕತ್ತು ಹೊರಳಿಸಿ ಫೋಟೋ ನೋಡಿದರು. “ಹೌದೇನು? ಹಿಂದ ಒಂದು ಊರು ಅದ ಅಂತ ನಾ ಲಕ್ಷ್ಯ ಕೊಟ್ಟಿಲ್ಲ.”

“ಗಡಿಯಾರದ ಬಗ್ಗೆ ಅಷ್ಟು ವಾದ ಮಾಡೀರಿ?”

“ದೊಡ್ಡಪ್ಪ ಗಡಿಯಾರ ಅಂದ್ರು. ಫೋಟೋದಾಗ ಗಡಿಯಾರ ಇದ್ರ ಅದು ಬರದದ್ದ ಇರಬೇಕಂತ ಅಂದೆ. ನೋಡಿ ಅಂದಿಲ್ಲ.” ಅವರು ಮತ್ತೆ ಶೇಂಗಾ ಕೈಗೆತ್ತಿಕೊಂಡರು. ಚಿಗವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಚಹ ಆರಿತು ಎಂದು ನನ್ನನ್ನು ಗದರಿಸಿದಳು.

ಹೊರಡುವ ಮೊದಲು ಆ ಚಿತ್ರದ ಮುಂದೆ ಇನ್ನೊಮ್ಮೆ ನಿಂತೆ. ಈ ಸಲ ಗೋಪುರ ಬಿಟ್ಟು ಕೆಳಗೆ ನೋಡಿದೆ. ಅಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಜಡೆಯನ್ನು ಮುಂದೆ ಹಾಕಿಕೊಂಡಿದ್ದಳು. ಕುಪ್ಪಸದ ಒಂದು ತೋಳು ಇನ್ನೊಂದಕ್ಕಿಂತ ತುಸು ಗಿಡ್ಡವಿತ್ತು. ನಗಬಾರದು ಎಂದು ಹೇಳಿಸಿಕೊಂಡಿದ್ದಳೇನೋ, ತುಟಿ ಬಿಗಿಹಿಡಿದಿದ್ದಳು. ನಗು ಆಗಲೇ ಕಣ್ಣಿಗೆ ಬಂದುಬಿಟ್ಟಿತ್ತು.