ನಗುವಿಗಾಗಿ ಕಾದ ಕ್ಯಾಮೆರಾ

ನನ್ನ ಭಾವ, ಅಂದರೆ ಅಕ್ಕನ ಗಂಡ, ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್. ಗಿರಾಕಿಯ ಎದುರು ಮೊಣಕಾಲೂರಿ ಕೂತರೆಂದರೆ ಗೋಡೆಗೆ ಪೇರಿಸಿಟ್ಟ ಡಬ್ಬಗಳೆಲ್ಲ ಕೆಳಗಿಳಿಯಲೇಬೇಕು. ಮೊದಲ ಜೋಡಿಯೇ ಸರಿಹೋಯಿತು ಎಂದರೂ ಬಿಡುವ ಆಸಾಮಿಯಲ್ಲ. "ಸರಿಹೋಯ್ತು ಅಂತ ನಿಮಗೆ ಅನ್ನಿಸ್ತಿದೆ ಅಷ್ಟೆ. ಇದನ್ನೂ ಒಂದ್ಸಲ ಹಾಕ್ನೋಡಿ," ಎನ್ನುತ್ತಾರೆ. ಅವಸರದ ಗಿರಾಕಿಗಳು ಹಳೇ ಚಪ್ಪಲಿಯಲ್ಲೇ ಎದ್ದು ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂಥವರ ಕೈಗೆ ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಸಿಕ್ಕಿತು. ಬೆಟ್ಟಕ್ಕೊಂದು, ಹಿಮಕ್ಕೊಂದು, ಓಡುವವರಿಗೊಂದು, ಮಲಗಿದ ಮಗುವಿಗೊಂದು, ತಟ್ಟೆಯಲ್ಲಿನ ಊಟಕ್ಕೊಂದು ಅಂತ ಅದರ ತುಂಬ ಸೀನ್ ಮೋಡ್‌ಗಳು. ಭಾವನಿಗೆ ಇನ್ನೊಂದು ಅಂಗಡಿ ಸಿಕ್ಕ ಹಾಗಾಯಿತು.

ಅಂದು ತೆಗೆಯಬೇಕಾಗಿದ್ದದ್ದು ಅವರ ಅಮ್ಮನ ಫೋಟೋ. ನನಗೆ ಅವರು ಅತ್ತೆ. ಮನೆಯ ಯಾವ ಫೋಟೋದಲ್ಲೂ ಅತ್ತೆಯ ಮುಖ ಪೂರ್ತಿ ಇಲ್ಲ. ಒಂದರಲ್ಲಿ ಗಂಡನ ಭುಜದ ಹಿಂದೆ ಅರ್ಧ ಹಣೆ, ಇನ್ನೊಂದರಲ್ಲಿ ಬಾಗಿಲ ಸಂದಿಯಲ್ಲಿ ಒಂದು ಕಿವಿ. ಮಗ ವರ್ಷಾನುಗಟ್ಟಲೆ ಗೋಗರೆದ ಮೇಲೆ, "ಒಂದೇ ಒಂದ್ಸಲ ಕೂರ್ತೀನಿ. ಆಮೇಲೆ ಕೇಳಂಗಿಲ್ಲ," ಎಂದು ಒಪ್ಪಿದ್ದರು. ಅಕ್ಕ ಆಗಲೇ ಫ್ರೇಮ್ ತಂದು, ಗೋಡೆಗೆ ಮೊಳೆಯನ್ನೂ ಹೊಡೆದಿದ್ದಳು.

ಅತ್ತೆ ಕಿಟಕಿಗೆ ಬೆನ್ನು ಮಾಡಿ ಕೂತರು. ಬೆಳಕು ಜಾಸ್ತಿಯೆಂದು ಭಾವ ನನ್ನನ್ನು ಪರದೆ ಹಿಡಿದು ಹಿಂದೆ ನಿಲ್ಲಲು ಕಳಿಸಿದರು. ಆಮೇಲೆ ಕ್ಯಾಮೆರಾದ ಮೋಡ್ ಬದಲಿಸುವ ಚಕ್ರ ತಿರುಗತೊಡಗಿತು.

"ಪೋರ್ಟ್ರೇಟ್ ಹಾಕೋಣ ಅಂದ್ರೆ ಬೆಳಕು ಹಿಂದಿದೆ. ಒಳಾಂಗಣ ಹಾಕಿದ್ರೆ ಅಮ್ಮ ಹಳದಿಯಾಗ್ತಾಳೆ..."

"ಆಟೋ ಮೋಡ್‌ನಲ್ಲಿಟ್ಟು ಒತ್ತಿಬಿಡಿ ಭಾವ," ಎಂದೆ.

"ಅಂದಾಜಿನ ಮೇಲೆ ಚಪ್ಪಲಿ ಕೊಡೋ ಅಂಗಡಿಗಳೂ ಇವೆ. ನೀನು ಅಲ್ಲಿಗೇ ಹೋಗಪ್ಪ."

"ಏನೋ ಅದು, ನನ್ನ ಕುತ್ತಿಗೆ ಮರಗಟ್ಟಿತು!" ಎಂದರು ಅತ್ತೆ.

"ಆಯ್ತಮ್ಮಾ, ಸಿಕ್ತು. ನಗು ಮೋಡ್ ಅಂತಿದೆ. ನೀನು ನಕ್ರೆ ಸಾಕು, ತಾನೇ ಹೊಡ್ಕೊಳ್ಳುತ್ತೆ."

"ನಗೋದ್ಯಾಕೆ? ಇಲ್ಲೇನು ನಾಟಕ ನಡೀತಿದ್ಯಾ?"

ಕ್ಯಾಮೆರಾ ಕಾಯುತ್ತಾ ಕೂತಿತು. ಅತ್ತೆ ನಗಲಿಲ್ಲ. ಭಾವ ಅಂಗಡಿಯ ಅಭ್ಯಾಸದಂತೆ ಮೊಣಕಾಲೂರಿ, ಹಲ್ಲು ಕಿರಿದು ತೋರಿಸಿದರು. ಅತ್ತೆ ಮುಖ ಇನ್ನಷ್ಟು ಗಂಟಿಕ್ಕಿ, "ಸಾಕು ನಿನ್ನ ಮಂಗನಾಟ!" ಎಂದು ಕೈ ಎತ್ತಿ ಎದ್ದೇಬಿಟ್ಟರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಕಿಸಕ್ಕನೆ ನಕ್ಕೆ. ಕ್ಯಾಮೆರಾಕ್ಕೆ ಬೇಕಾಗಿದ್ದದ್ದು ಒಂದು ನಗು, ಯಾರದಾದರೇನು! ಕ್ಲಿಕ್ ಎಂದಿತು.

ಫೋಟೋದಲ್ಲಿ ಅತ್ತೆ ಬರೀ ಮಸುಕು. ಅವರ ಹಿಂದೆ ಪರದೆ ಹಿಡಿದ ನಾನು, ಒಂದೊಂದು ಹಲ್ಲೂ ಸ್ಪಷ್ಟ.

"ನನ್ನ ಫೋಟೋದಲ್ಲಿ ಇವನ ಹಲ್ಲು ಯಾಕೋ?" ಎಂದು ಅತ್ತೆ ಒಳಗೆ ಹೋದವರು ಆಚೆ ಬರಲೇ ಇಲ್ಲ.

"ಫ್ರೇಮ್ ಹೆಂಗೂ ತಂದಾಗಿದೆ. ನಿನ್ನದೇ ಹಾಕ್ಲಾ?" ಎಂದು ಅಕ್ಕ ಚುಚ್ಚಿದಳು.

ಭಾವ ಮರುದಿನ ಫೋನ್ ಮಾಡಿದರು. "ಕೆಡಿಸಿದೋನು ನೀನು, ಸರಿ ಮಾಡೋನೂ ನೀನೇ. ಬಂದು ಅಮ್ಮನ್ನ ಮಾತಿಗೆಳಿ. ನಾನು ಕಿಟಕಿಯಿಂದ ಹೊಡೀತೀನಿ."

ಹೋದೆ. ಅತ್ತೆ ಬಾಗಿಲಲ್ಲೇ ತಡೆದರು. "ಜೇಬಲ್ಲಿ ಆ ಡಬ್ಬ ಇದ್ರೆ ಹಿಂಗೇ ವಾಪಸ್ ಹೋಗು."

ಎರಡೂ ಜೇಬು ಹೊರಗೆಳೆದು ತೋರಿಸಿದೆ. ಪ್ಯಾಂಟಿನ ಜೇಬೆರಡೂ ಆಡಿನ ಕಿವಿಯಂತೆ ಜೋತುಬಿದ್ದವು. ಒಂದಕ್ಕೆ ತೂತು ಬೇರೆ. ಅತ್ತೆ ನಕ್ಕರು. ಬೊಚ್ಚುಬಾಯಿ ಅಗಲಿಸಿ, ಕಣ್ಣು ಕಿರಿದಾಗುವಷ್ಟು ನಕ್ಕರು. ಮೈಯೆಲ್ಲ ಬೆಳಕು, ಮುಖ ಪೂರ್ತಿ ಬಾಗಿಲ ಪಕ್ಕದ ಕಿಟಕಿಯ ಕಡೆಗೆ.

ನಾನು ಮೆಲ್ಲನೆ ಕಿಟಕಿಯತ್ತ ನೋಡಿದೆ. ಭಾವ ಅಲ್ಲೇ ನಿಂತಿದ್ದರು. ತಲೆ ತಗ್ಗಿಸಿ, ಹುಬ್ಬು ಗಂಟಿಕ್ಕಿ, ಇನ್ನೂ ಚಕ್ರ ತಿರುಗಿಸುತ್ತಿದ್ದರು.