ಬಾಡಿಗೆ ಮನೆಯ ಮುಂದಿನ ರಸ್ತೆ

ಕಳೆದ ಸೋಮವಾರ ನಮ್ಮ ಮನೆಯ ಪಕ್ಕದ ಭಾಗಕ್ಕೆ ಹೊಸ ಬಾಡಿಗೆಯವರು ಬಂದರು. ಬೆಳಿಗ್ಗೆ ಹಾಲು ಉಕ್ಕಿಸಿದರು. ಉಕ್ಕಿದ ಹಾಲು ಕೆಂಡದ ಮೇಲೆ ಸುರಿದು, ಸೀದ ವಾಸನೆ ಗೋಡೆಯ ಮೇಲಿನ ಸಂದಿಯಿಂದ ನನ್ನ ಕೋಣೆಗೆ ಇಳಿಯಿತು. ನಾನು ಡೈರಿ ಬರೆಯುತ್ತ ಕೂತಿದ್ದೆ. ಕೈ ನಿಂತಿತು.

ನಾನು ಮೊದಲ ಸಲ ಬಾಡಿಗೆ ಮನೆ ಹಿಡಿದದ್ದು ಈ ಕಲ್ಯಾಣದುರ್ಗದಲ್ಲಲ್ಲ, ಹಿಂದೂಪುರದಲ್ಲಿ. ವ್ಯವಸಾಯ ಇಲಾಖೆಯ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಕಚೇರಿಯ ಅಂಗಳದಲ್ಲಿದ್ದ ಮಳೆಮಾಪಕ ನೋಡಿ ಬರೆದಿಡುವುದೂ ನನ್ನ ಪಾಲಿಗೇ ಬಂದಿತ್ತು. ಹೆಚ್ಚಿನ ದಿನ ಬರೆಯುತ್ತಿದ್ದದ್ದು ಸೊನ್ನೆ. ಆದರೂ ದಿನ ತಪ್ಪಿಸುವ ಹಾಗಿರಲಿಲ್ಲ. ಆ ಅಭ್ಯಾಸವೇ ಮುಂದುವರಿದು ಮನೆಯಲ್ಲೂ ಡೈರಿ ಇಡತೊಡಗಿದೆ. ತಾರೀಖು, ಮಳೆ, ಬಿಸಿಲು, ಖರ್ಚು, ಯಾರು ಬಂದರು, ಯಾರು ಹೋದರು.

ಸ್ಟೇಷನ್ನಿನ ಆಚೆ ಆಗಷ್ಟೇ ಹೊಸ ಎಕ್ಸ್‌ಟೆನ್ಷನ್ ಎದ್ದಿತ್ತು. ಅಲ್ಲಿ ಒಂದೇ ಸಾಲಿನಲ್ಲಿ ಆರು ಮನೆ. ಆರೂ ಒಬ್ಬ ಬೆಲ್ಲದ ಮಂಡಿಯವರದು. ಅವರು ಮಾತ್ರ ಹಳೆಯ ಪೇಟೆಯಲ್ಲೇ ಇದ್ದರು. ಮನೆಮನೆಗೂ ಕೊಳಾಯಿ, ಕರೆಂಟು ದೀಪ, ಮುಂದೆ ಅಗಲವಾದ ರಸ್ತೆ. ಬಾಡಿಗೆಗೆ ಸಂಬಳದ ಅರ್ಧ ಹೋಗುತ್ತಿತ್ತು. ಹಾಗಿದ್ದೂ ಖಾಲಿ ಬೀಳುತ್ತಿರಲಿಲ್ಲ. ಇದ್ದವರೆಲ್ಲ ನನ್ನಂತೆ ಹೊಸದಾಗಿ ಕೆಲಸಕ್ಕೆ ಸೇರಿದವರು. ಕೊನೆಯ ಮನೆ ನನ್ನದು, ಅದರ ಪಕ್ಕದ್ದು ಓವರ್‌ಸೀಯರದು. ರಸ್ತೆ ಕೆಲಸದ ಮೇಲ್ವಿಚಾರಣೆ ಅವರ ಉದ್ಯೋಗ. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತಿಗೆ.

ಟ್ರಂಕು, ಹಾಸಿಗೆ ಸುರುಳಿ ಇಳಿಸಿಕೊಂಡು ಬಂದ ದಿನವೇ ಅಣ್ಣ ಬಾಗಿಲಿಗೆ ಬಂದು ನಿಂತರು. ಎತ್ತರದ ಆಳು. ಬಿಸಿಲಿಗೆ ಕತ್ತು ಕಪ್ಪಾಗಿತ್ತು.

"ಹಾಲು ಉಕ್ಕಿಸಿದ್ಯೇನಯ್ಯ?"

"ಬಾಡಿಗೆ ಮನೆಗೆ ಅದೆಲ್ಲ ಯಾಕಣ್ಣ?"

"ಬಾಡಿಗೆ ಮನೆಗೇ ಬೇಕು ಕಣಪ್ಪ. ಸ್ವಂತ ಮನೆ ಉಕ್ಕಿಸಿದ್ರೂ ನಿಂದೇ, ಉಕ್ಕಿಸ್ದೆ ಇದ್ರೂ ನಿಂದೇ."

ಅವರೇ ತಮ್ಮ ಮನೆಗೆ ಹೋಗಿ ಇದ್ದಿಲ ಒಲೆ ಹೊತ್ತು ತಂದರು. ಅತ್ತಿಗೆ ಹಾಲು ತಂದರು. ಉಕ್ಕಿತು. ಪೂರ್ವಕ್ಕೆ ಚೆಲ್ಲಿತು, ಒಳ್ಳೆಯದು ಎಂದರು. ನಾನು ಅದನ್ನೂ ಡೈರಿಯಲ್ಲಿ ಬರೆದೆ.

ಆ ಸಾಲಿನಲ್ಲಿ ಸಂಜೆ ಆದರೆ ಒಂದೇ ಮಾತು. ಇಲ್ಲಿ ಇರುವುದೋ, ಬಿಡುವುದೋ. ನಮ್ಮ ಕಚೇರಿಯಲ್ಲೇ ಒಬ್ಬರು ಎಕ್ಸ್‌ಟೆನ್ಷನ್ ಬಿಟ್ಟು ಲೇಪಾಕ್ಷಿಯಲ್ಲಿ ಮನೆ ಮಾಡಿ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು. ಇಲ್ಲಿಯ ಬಾಡಿಗೆಯ ಮೂರರಲ್ಲೊಂದು ಪಾಲಿಗೆ ದೊಡ್ಡ ಮನೆ, ಹಿತ್ತಲು, ಬಾವಿ. ಅವರ ಮಾತೆತ್ತಿದರೆ ಅಣ್ಣ ಕೈ ಅಲ್ಲಾಡಿಸುವರು.

"ಅವನ ಮುಖ ನೋಡಿದ್ಯಾ? ಬೆಳಿಗ್ಗೆ ಬಸ್ ಇಳಿಯೋ ಹೊತ್ಗೇ ರಿಟೈರಾದಂಗಿರ್ತಾನೆ."

ಅತ್ತಿಗೆಗೆ ಆ ಮನೆ ಹಿಡಿಸಿರಲಿಲ್ಲ. ಇಬ್ಬರದೂ ಊರು ಕುಂದುರ್ಪಿ. ಅಣ್ಣನಿಗೆ ಕಲ್ಯಾಣದುರ್ಗಕ್ಕೆ ವರ್ಗ ಕೇಳಿದರೆ ಸಿಗುತ್ತಿತ್ತು, ಅಲ್ಲಿಂದ ಊರಿಗೆ ಒಂದೇ ಬಸ್ಸು. ಅವರು ಕೇಳಲಿಲ್ಲ. ವರಾಂಡದಲ್ಲಿ ಅಕ್ಕಿ ಆರಿಸುತ್ತ ಅತ್ತಿಗೆ ನನ್ನ ಕಡೆ ತಿರುಗಿ ಹೇಳುವರು:

"ನೋಡಪ್ಪ, ಗೋಡೆಗೆ ಒಂದು ಮೊಳೆ ಹೊಡೆಯಂಗಿಲ್ಲ. ದೇವ್ರ ಪಟ ನೆಲದ ಮೇಲೆ ಒರಗಿಸಿ ಇಟ್ಟಿವ್ನಿ. ದೇವ್ರಿಗೇ ನಿಂತ್ಕಳಕೆ ಜಾಗ ಇಲ್ದಿರೋ ಮನೆ, ನಮಗೇನು?"

"ದೇವ್ರು ಬಗ್ಗಿ ನೋಡ್ಬೇಕಾ ನಿನ್ನ? ನೀನೇ ಬಗ್ಗಿ ನಮಸ್ಕಾರ ಮಾಡು, ಸೊಂಟಕ್ಕೆ ಒಳ್ಳೇದು," ಎನ್ನುವರು ಅಣ್ಣ.

"ಅಯ್ಯೋ, ಸಾಕು ಸುಮ್ನಿರಿ. ಇವ್ರ ಸಂಬಳ ನಮ್ಮನೆ ಹೊಸಿಲು ನೋಡಕ್ಕೆ ಮುಂಚೆ ಮಂಡಿಯವ್ರ ಮನೆಗೆ ಹೋಯ್ತದೆ ಕಣಪ್ಪ. ನಾವು ಅವ್ರ ಮನೆ ಕಾಯೋಕೆ ಬಂದಂಗೈತೆ."

ಅಣ್ಣ ನಗುವರು. ಅವರ ಲೆಕ್ಕ ಬೇರೆ ಇತ್ತು. ದೊಡ್ಡ ಇಂಜಿನಿಯರು ಇರುವ ಕಡೆ ನಾವೂ ಇರಬೇಕು, ಕಣ್ಣಿಗೆ ಬೀಳುತ್ತಿರಬೇಕು. ಐದಾರು ವರ್ಷ ಕಷ್ಟಪಟ್ಟರೆ ಇದೇ ಎಕ್ಸ್‌ಟೆನ್ಷನ್ನಿನಲ್ಲಿ ಒಂದು ಸೈಟು. ರಸ್ತೆಯ ಆಚೆ ಖಾಲಿ ಬಿದ್ದಿದ್ದ ಜಾಗ ತೋರಿಸಿ, ಬಾಗಿಲು ಎಲ್ಲಿ, ಅಡುಗೆಮನೆ ಎಲ್ಲಿ ಎಂದು ಕಾಲಿನಲ್ಲಿ ಗೆರೆ ಎಳೆಯುತ್ತಿದ್ದರು. ಅತ್ತಿಗೆ ನೋಡದವರಂತೆ ನೋಡುತ್ತಿದ್ದರು. ನನಗೆ ಇಬ್ಬರ ಮಾತೂ ಸರಿ ಎನ್ನಿಸುತ್ತಿತ್ತು. ನನ್ನ ಡೈರಿಯಲ್ಲಿ ಇರುವುದಕ್ಕೆ ಒಂದು ಸಾಲು, ಬಿಡುವುದಕ್ಕೆ ಒಂದು ಸಾಲು ಮಾಡಿ ಕಾರಣ ಬರೆಯುತ್ತಿದ್ದೆ. ಎರಡೂ ಕಡೆ ಸಮವಾಗಿಯೇ ಬೆಳೆಯುತ್ತಿದ್ದವು.

ನಾನು ಬಂದ ಎರಡನೆಯ ಬೇಸಿಗೆ. ಅಣ್ಣನಿಗೆ ಕೊಡಿಕೊಂಡದ ಕಡೆ ರಸ್ತೆ ಕೆಲಸ. ಬೆಳಿಗ್ಗೆ ತಿಂಡಿ ತಿಂದು ಹೋದವರು, ಕಲ್ಲಿನ ಗುಡ್ಡೆ ಪಕ್ಕ ಎದೆ ಹಿಡಿದುಕೊಂಡು ಕೂತರಂತೆ. ಕೂಲಿಯವರು ದಾರಿಯಲ್ಲಿ ಹೋಗುತ್ತಿದ್ದ ಲಾರಿ ನಿಲ್ಲಿಸಿ ಹತ್ತಿಸಿದರು. ಹಿಂದೂಪುರದ ಆಸ್ಪತ್ರೆ ಸೇರುವ ಮೊದಲೇ ಜೀವ ಹೋಗಿತ್ತು. ಅವರಿಗೆ ಇಪ್ಪತ್ತೊಂಬತ್ತು.

ನನ್ನ ಕಚೇರಿಗೆ ಸುದ್ದಿ ಬಂತು. ಅತ್ತಿಗೆಯನ್ನು ಕರೆದುಕೊಂಡು ಹೋದವನು ನಾನೇ. ಅವರು ಜೋರಾಗಿ ಅಳಲಿಲ್ಲ. ಕುಂದುರ್ಪಿಯಲ್ಲಿದ್ದ ಅಣ್ಣನ ಅಣ್ಣನಿಗೆ ತಂತಿ ಕೊಟ್ಟೆವು. ಅವರು ಬರಲು ಸಂಜೆಯಾಗುತ್ತಿತ್ತು. ಅಲ್ಲಿಯವರೆಗೆ ಮನೆಗೆ ಕರಕೊಂಡು ಹೋಗೋಣ ಎಂದರು ಅತ್ತಿಗೆ. ಸತ್ತವರ ಬಗ್ಗೆ ಹೇಳುವ ಹಾಗೆ ಹೇಳಲಿಲ್ಲ. "ಮೈಯೆಲ್ಲಾ ರಸ್ತೆ ಧೂಳು. ಮನೇಲಿ ನೀರು ಹುಯ್ಯಬೇಕು," ಎಂದರು, ಅಷ್ಟೇ.

ನಾವು ಎತ್ತಿನ ಗಾಡಿಯಲ್ಲಿ ಸಾಲಿನ ಮುಂದೆ ಬರುವಷ್ಟರಲ್ಲಿ ಮಂಡಿಯವರು ಅಲ್ಲಿ ನಿಂತಿದ್ದರು. ಬಿಳಿ ಪಂಚೆ, ಕೊಡೆ. ಕೆಟ್ಟ ಮನುಷ್ಯರಲ್ಲ. ಬಾಡಿಗೆ ತಡವಾದರೆ ಒಂದು ದಿನವೂ ಬಾಯಿ ಮಾಡಿದವರಲ್ಲ. ಕೊಡೆ ಮಡಿಸಿ ಕೈ ಮುಗಿದರು.

"ಏಂ ಚೇಸೇದಿ ತಲ್ಲೀ, ಏನ್ ಮಾಡ್ಲಿ ನಾನು? ನಕ್ಷತ್ರ ಸರಿ ಇಲ್ಲ. ಪುರೋಹಿತ್ರನ್ನ ಕೇಳ್ಕೊಂಡೇ ಬಂದೆ. ಹೆಣ ಒಳಗೆ ಬಂದ್ಬುಟ್ರೆ ಮನೆಗೆ ಆರು ತಿಂಗ್ಳು ಬೀಗ ಹಾಕ್ಬೇಕು."

"ಆರು ತಿಂಗ್ಳು ಬಾಡಿಗೆ ನಾನು ಕೊಡ್ತೀನಿ," ಎಂದರು ಅತ್ತಿಗೆ.

"ಬಾಡಿಗೆ ಮಾತಲ್ಲಮ್ಮ. ಆಮೇಲೆ ಯಾರು ಬತ್ತಾರೆ? ಸಾಲು ಮನೆ. ಒಂದರ ಹೆಸ್ರು ಕೆಟ್ರೆ ಆರಕ್ಕೂ ಕೆಡ್ತದೆ. ನನ್ನ ಲಾರಿ ಕಳಿಸ್ತೀನಿ, ನಿಮ್ಮೂರಿಗೆ ತಗೊಂಡೋಗಿ. ಒಂದು ಕಾಸು ಬ್ಯಾಡ."

"ನಮ್ಮೂರು ಯಾವ್ದು? ಇದೇ ಊರು ಅಂತ ಕುಂತಿದ್ರಲ್ಲ ಅವ್ರು."

ನಾನು, ನನ್ನ ಮನೆಗೆ ತನ್ನಿ ಎಂದೆ.

"ಅದೂ ನಂದೇ ಅಲ್ವೇನಪ್ಪ," ಎಂದರು ಮಂಡಿಯವರು. ಸಿಟ್ಟಿನಿಂದ ಹೇಳಲಿಲ್ಲ. ಮರೆತವನಿಗೆ ನೆನಪು ಮಾಡಿದಂತೆ ಹೇಳಿದರು.

ಆರೂ ಬಾಗಿಲು ತೆರೆದಿದ್ದವು. ಬಾಗಿಲು ಬಾಗಿಲಿಗೂ ಜನ ನಿಂತಿದ್ದರು. ಮೊದಲ ಮನೆಯಲ್ಲಿದ್ದ ಟೀಚರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಬನ್ನಿ ಎನ್ನುವ ಮನಸ್ಸು ಅಷ್ಟೂ ಜನಕ್ಕಿತ್ತು. ಬನ್ನಿ ಎನ್ನುವ ಹಕ್ಕು ಆ ಸಾಲಿನಲ್ಲಿ ಒಬ್ಬರಿಗೂ ಇರಲಿಲ್ಲ. ನಾವು ಎರಡು ವರ್ಷ ಇರುವುದೋ ಬಿಡುವುದೋ ಎಂದು ಮಾತಾಡಿದ್ದೆವು, ನನ್ನ ಎರಡು ಸಾಲುಗಳಲ್ಲಿ ಇದು ಎಲ್ಲೂ ಇರಲಿಲ್ಲ.

ಅತ್ತಿಗೆ ಗಾಡಿಯ ಚಕ್ರ ಹಿಡಿದುಕೊಂಡರು. ಆಮೇಲೆ ಮಂಡಿಯವರನ್ನು ಕೇಳಿದರು:

"ಈ ರಸ್ತೆ ಯಾರ್ದು?"

"ರಸ್ತೆ... ಮುನ್ಸಿಪಾಲ್ಟಿದು."

"ಹಂಗಾದ್ರೆ ಇಲ್ಲೇ ಇಳಿಸ್ರಪ್ಪ."

ಅವರ ಮನೆಯ ಬಾಗಿಲಿಗೆ ನೇರವಾಗಿ, ರಸ್ತೆಯ ಮೇಲೆ ಚಾಪೆ ಹಾಸಿದೆವು. ಅತ್ತಿಗೆಯೇ ಒಳಗಿನ ಕೊಳಾಯಿಯಿಂದ ಕೊಡ ಕೊಡ ನೀರು ತಂದರು. ನೀರು ಹೊರಗೆ ತರುವುದಕ್ಕೆ ಮಂಡಿಯವರು ಅಡ್ಡಿ ಮಾಡಲಿಲ್ಲ. ನಾಲ್ವರು ಹೆಂಗಸರು ಸುತ್ತ ಸೀರೆ ಹಿಡಿದು ಮರೆ ಮಾಡಿದರು. ಗಂಡಸರು ಬಿಸಿಲಿಗೆ ಅಡ್ಡವಾಗಿ ಒಂದು ಜಮಖಾನ ಎತ್ತಿ ಹಿಡಿದೆವು. ತೋಳು ಸೋತಾಗ ಒಬ್ಬರ ಕೈಯಿಂದ ಒಬ್ಬರು ತಗೊಂಡೆವು. ಸೈಕಲ್ಲಿನವರು ಇಳಿದು, ತಳ್ಳಿಕೊಂಡು ಪಕ್ಕದಲ್ಲಿ ಹೋದರು. ಮಂಡಿಯವರ ಲಾರಿ ಬಂದು ಸಂಜೆಯ ತನಕ ನಿಂತಿತ್ತು. ಕುಂದುರ್ಪಿಯವರು ಬಂದರು, ರೈಲ್ವೆ ಗೇಟಿನ ಆಚೆಯ ಸ್ಮಶಾನಕ್ಕೆ ಹೊತ್ತುಕೊಂಡು ಹೋದೆವು. ಲಾರಿ ಖಾಲಿಯೇ ವಾಪಸು ಹೋಯಿತು.

ಮರುದಿನ ಬೆಳಿಗ್ಗೆ ಅತ್ತಿಗೆ ಊರಿನವರ ಜೊತೆ ಹೊರಟರು. ಹೊರಡುವ ಮುಂಚೆ, ಅಣ್ಣನ ತಲೆ ಇಟ್ಟಿದ್ದ ಕಡೆ ಮೂರು ಕಲ್ಲು ನಿಲ್ಲಿಸಿ, ನಡುವೆ ಹಣತೆ ಹಚ್ಚಿದರು.

"ಹತ್ತು ದಿನ ಆರಬಾರ್ದು ಅಂತಾರೆ. ನಾನಿಲ್ಲಿ ಇರಾಕಿಲ್ವಲ್ಲ. ನೋಡ್ಕಳಪ್ಪ."

ನಾನೊಬ್ಬನೇ ನೋಡಿಕೊಳ್ಳಬೇಕಾಗಲಿಲ್ಲ. ಕಚೇರಿಯಿಂದ ಬಂದು ಎಣ್ಣೆ ಹಾಕಲು ಹೋದರೆ ಯಾರೋ ಆಗಲೇ ಹಾಕಿರುತ್ತಿದ್ದರು. ಯಾರು ಎಂದು ಯಾರೂ ಕೇಳಲಿಲ್ಲ. ಎತ್ತಿನ ಗಾಡಿಗಳು ಸುತ್ತು ಬಳಸಿ ಹೋಗುತ್ತಿದ್ದವು. ಒಂದು ದಿನ ಮಂಡಿಯವರೂ ಆ ದಾರಿಯಲ್ಲಿ ಬಂದರು. ಚಪ್ಪಲಿ ಬಿಟ್ಟು ಒಂದು ಗಳಿಗೆ ನಿಂತು, ಮತ್ತೆ ಮೆಟ್ಟಿಕೊಂಡು ಹೋದರು.

ಅಣ್ಣ ಹೋದ ದಿನದ ಡೈರಿ ಈಗ ತೆಗೆದು ನೋಡಿದೆ. ಮಳೆ ಸೊನ್ನೆ ಎಂದಿದೆ. ಬಿಸಿಲು ಹೆಚ್ಚು ಎಂದಿದೆ. ಓವರ್‌ಸೀಯರ್ ಅಣ್ಣ ತೀರಿಕೊಂಡರು ಎಂದು ಒಂದು ಸಾಲು. ನನಗೆ ಅಂದು ಅಳು ಬರಲಿಲ್ಲ. ಆಮೇಲೆ ಬಂದೀತು ಎಂದು ಕಾದೆ. ಬರಲಿಲ್ಲ... ಊಟ ರುಚಿಸದೆ ಹೋಗಲಿಲ್ಲ, ನಿದ್ದೆ ಕೆಡಲಿಲ್ಲ. ಸಂಜೆಯ ಮಾತು ಮಾತ್ರ ನಿಂತುಹೋಯಿತು. ಇರುವುದೋ ಬಿಡುವುದೋ ಎಂದು ಆಮೇಲೆ ಆ ವರಾಂಡಗಳಲ್ಲಿ ಯಾರೂ ಬಾಯಿಬಿಡಲಿಲ್ಲ. ಅಣ್ಣನ ಮನೆಗೆ ಸುಣ್ಣ ಬಳಿಸಿದರು. ಒಬ್ಬ ಬ್ಯಾಂಕಿನ ಗುಮಾಸ್ತರು ಬಂದರು, ಹಾಲು ಉಕ್ಕಿಸಿದರು, ಕೊಳಾಯಿ ತಿರುಗಿಸಿ ನೋಡಿ ಸಂತೋಷಪಟ್ಟರು.

ಕೆಲವು ತಿಂಗಳಿಗೆ ನಾನು ಕಲ್ಯಾಣದುರ್ಗಕ್ಕೆ ವರ್ಗ ಕೇಳಿಕೊಂಡೆ. ಕಚೇರಿಯಲ್ಲಿ ನಕ್ಕರು. "ಏಮಯ್ಯಾ, ಜನ ಅಲ್ಲಿಂದ ಇಲ್ಲಿಗೆ ಬರಕ್ಕೆ ಸಾಯ್ತಾವ್ರೆ, ನೀನು ಉಲ್ಟಾ ಹೊಂಟಿದೀಯ?" ಹಿಂದೂಪುರದಲ್ಲೇ ಉಳಿದವರು ತಪ್ಪು ಮಾಡಿದರು ಎಂದು ನಾನು ಬರೆಯುತ್ತಿಲ್ಲ. ಆ ಸಾಲಿನ ಟೀಚರು ಈಗ ಅದೇ ಎಕ್ಸ್‌ಟೆನ್ಷನ್ನಿನಲ್ಲಿ ಸ್ವಂತ ಮನೆ ಕಟ್ಟಿಸಿದ್ದಾರೆ. ಅಣ್ಣ ಇದ್ದಿದ್ದರೆ ಅವರೂ ಕಟ್ಟಿಸುತ್ತಿದ್ದರೋ ಏನೋ.

ಕಲ್ಯಾಣದುರ್ಗದಲ್ಲಿ ಮನೆ ಹುಡುಕುವಾಗ ನಾನು ಬಾಡಿಗೆ ಕೇಳುವ ಮುಂಚೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ: ಇಲ್ಲಿ ಇರುವವರು ಸತ್ತರೆ ಒಳಗೆ ಮಲಗಿಸಲು ಬಿಡುತ್ತೀರಾ? ಮನೆ ನೋಡಲು ಬಂದವನ ಬಾಯಲ್ಲಿ ಬರುವ ಮಾತಲ್ಲ ಅದು, ನನಗೆ ಗೊತ್ತಿತ್ತು. ಮೊದಲನೆಯ ಮಾಲೀಕರು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು. ಎರಡನೆಯ ಕಡೆ ಆ ಮನೆಯಾಕೆ, "ಥೂ, ಬಾಯಿ ತೊಳ್ಕಂಡು ಬಾ ಹೋಗು" ಎಂದು ಹೊಸಿಲಿಗೆ ನೀರು ಚಿಮುಕಿಸಿದರು.

ಮೂರನೆಯ ಮನೆಯಲ್ಲಿ ಒಬ್ಬ ಅಜ್ಜಿ. ಕಡಲೆಕಾಯಿ ಬಿಡಿಸುತ್ತ ಕೂತಿದ್ದರು. ನನ್ನ ಪ್ರಶ್ನೆ ಕೇಳಿ ಕೈ ನಿಲ್ಲಿಸಲಿಲ್ಲ.

"ನಿಂಗೇನು ಕಾಯಿಲೇನ್ಲಾ?"

"ಇಲ್ಲಜ್ಜಿ."

"ಮತ್ಯಾಕೆ ಕೇಳ್ತೀಯ?"

ನಾನು ಹೇಳಿದೆ. ಹಿಂದೂಪುರದ ರಸ್ತೆ, ಚಾಪೆ, ಎಲ್ಲ. ಯಾರಿಗೂ ಅಷ್ಟು ಉದ್ದಕ್ಕೆ ಹೇಳಿದ್ದಿಲ್ಲ. ಅಜ್ಜಿ ಮೊರ ಪಕ್ಕಕ್ಕಿಟ್ಟರು.

"ನಮ್ಮಕ್ಕ ಗುಂತಕಲ್ಲಲ್ಲಿ ಅವ್ಳೆ. ನಾನು ಹೋದ್ರೆ ಅವ್ಳು ಬರಕ್ಕೆ ಒಂದಿನ ಆಯ್ತದೆ. ಅಲ್ಲೀಗಂಟ ನೀನು ನನ್ನ ತಾವ ಕುಂತಿರ್ತೀಯಾ?"

"ಕುಂತಿರ್ತೀನಿ."

"ಹಂಗಾದ್ರೆ ಟ್ರಂಕು ತಗೊಂಬಾ. ಯಾರು ಮುಂದೆ ಹೋದ್ರೂ ಇನ್ನೊಬ್ರು ಕುಂತ್ಕಳಾದು."

ನಮ್ಮ ಕರಾರು ಅಷ್ಟೇ. ಕಾಗದ ಇಲ್ಲ. ಎಂಟು ವರ್ಷ ಆಗುತ್ತ ಬಂತು. ಅಜ್ಜಿ ಗಟ್ಟಿಯಾಗಿದ್ದಾರೆ.

ಅತ್ತಿಗೆ ಒಮ್ಮೆ ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ದೀಪ ಹತ್ತು ದಿನ ಇತ್ತಾ ಎಂದು ಕೇಳಿದರು. ಇತ್ತು ಎಂದೆ, ಗಾಳಿಗೆ ಎರಡು ಸಲ ಆರಿತ್ತು, ಮತ್ತೆ ಹಚ್ಚಿದೆವು ಎಂದೂ ಹೇಳಿದೆ. ಹೂಂ ಎಂದರು. ಕುಂದುರ್ಪಿ ಬಸ್ಸು ಬಂತು, ಹತ್ತಿದರು. ಆಮೇಲೆ ನೋಡಿಲ್ಲ.

ಈ ತಿಂಗಳು ನನಗೂ ಇಪ್ಪತ್ತೊಂಬತ್ತು ತುಂಬಿತು. ಮೊನ್ನೆ ಹಿಂದೂಪುರಕ್ಕೆ ಬಡ್ತಿಯ ಆರ್ಡರು ಬಂದಿದೆ, ಹದಿನೈದು ದಿನದಲ್ಲಿ ಒಪ್ಪಿಗೆ ಬರೆಯಬೇಕು. ಅಜ್ಜಿಗೆ ಹೇಳಿದೆ. "ಹೋದ್ರೆ ಹೋಗು, ನನ್ ತಾವ ಕೂರಕ್ಕೆ ಬೇರೆಯವ್ರನ್ನ ನೋಡ್ಕಂತೀನಿ," ಎಂದು ಒಳಗೆ ಹೋದರು. ಮತ್ತೆ ಊಟಕ್ಕೆ ಕರೆಯಲೂ ಇಲ್ಲ. ಇಂಥ ಹೊತ್ತಿನಲ್ಲಿ ಕೇಳಬೇಕಾದವರು ಅಣ್ಣ. ಇನ್ನು ಮುಂದೆ ನಾನು ಅವರಿಗಿಂತ ದೊಡ್ಡವನಾಗುತ್ತ ಹೋಗುತ್ತೇನೆ. ಆದರೂ ಗೋಡೆಯ ಆ ಕಡೆ ಗಂಡಸಿನ ಕೆಮ್ಮು ಕೇಳಿದಾಗ, ಹೊಸ ಬಾಡಿಗೆಯವರದು ಎಂದು ಗೊತ್ತಿದ್ದೂ, ನಿನ್ನೆ ರಾತ್ರಿ ಬಾಯಿಗೆ ಬಂದದ್ದು ಅಣ್ಣಾ ಎಂಬ ಅದೇ ಕರೆ... ಕರೆಯಲಿಲ್ಲ. ಒಪ್ಪಿಗೆಯ ಕಾಗದವನ್ನೂ ಇನ್ನೂ ಬರೆದಿಲ್ಲ.